‘ಚೇತರಿಕೆ’ ಎಂಬ ಶಬ್ದದ ಕರ್ತೃ

ಲೋಕದ ಆರ್ಥಿಕ ಸಂಕಟವನ್ನು ಕುರಿತು ರಾಷ್ಟ್ರನಾಯಕರು ಸಭೆ ಸೇರಿದಾಗಲೆಲ್ಲ ಅವರ ನಿರ್ಣಯಗಳೊಡನೆ ಎರಡು ಶಬ್ದಗಳು ಕನ್ನಡದ ವೃತ್ತಪತ್ರಿಕೆಗಳಿಗೆ ತಪ್ಪದೆ ಬರುತ್ತವೆ: ‘ಶೃಂಗಸಭೆ’ ಮತ್ತು ‘ಚೇತರಿಕೆ’. ಇವೆರಡೂ ರೂಢವಾಗಿವೆ, ಆದರೆ ರೂಢವಾದ ಮಾತ್ರಕ್ಕೆ ಶಬ್ದವು ವಿಮರ್ಶೆಗೆ ಅತೀತವಾಗಲಾರದು.

‘ಶೃಂಗ’ವೆಂಬುದು 1950ರಲ್ಲಿ ಚರ್ಚಿಲ್ಲರು ಆಡಿದ ಮಾತಿನಿಂದ ಪ್ರಚಾರಕ್ಕೆ ಬಂದ ರೂಪಕದ ಭಾಷಾಂತರ. ಶಿಖರದಲ್ಲಿ ನಿಂತವರಿಗೆ ದೂರವು ಕಾಣುವುದು ನಿಜ. ಕಣಿವೆಯಲ್ಲಿರುವವರು ಕುಬ್ಜರಾಗಿ ಕಾಣುವುದೂ ಅಷ್ಟೇ ನಿಜ. ಆದರೂ ಈ ದೋಷ ಅಲ್ಪವಾದುದು, ‘ಚೇತರಿಕೆ’ಯದು ಗುರುತರವಾದುದು. ‘ಚೇತರಿಸಿಕೊಳ್ಳು’ ಎಂಬ ಕ್ರಿಯಾಪದವು ರೋಗದಿಂದ ಎದ್ದವನಿಗೆ ಸಲ್ಲತಕ್ಕದ್ದು. ಅದನ್ನು ಕೇಳಿದೊಡನೆ ‘ಯಾರು?’ ಎಂಬ ಆಕಾಂಕ್ಷೆ ಹುಟ್ಟುತ್ತದೆ. ‘ಇಕೆ’ ಪ್ರತ್ಯಯ ಸೇರಿ ಕೃದಂತ ಭಾವನಾಮವಾದಾಗಲಾದರೋ ಕರ್ತೃಪದವು ಲೋಪವಾದರೂ ವಾಕ್ಯವು ಪೂರ್ಣವಾದಂತೆ ತೋರುತ್ತದೆ. 2009ರ ಏಪ್ರಿಲ್ 2ರಂದು ಲಂಡನ್ನಿನಲ್ಲಿ ಸೇರಿದ ಜಿ-20 ನಾಯಕರು 1.1 ಲಕ್ಷ ಕೋಟಿ ಡಾಲರುಗಳ ತಮ್ಮ ಯೋಜನೆಗೆ ಚೇತರಿಕೆಯ ಮತ್ತು ಸುಧಾರಣೆಯ ಹೆಸರನ್ನೇ ಇಟ್ಟರು. ಮೊತ್ತವು ಸ್ಪಷ್ಟ, ಕರ್ತೃವು ಅಸ್ಪಷ್ಟ.

ಇದರಿಂದ ಸಮ್ಮೇಳನಗಳು ನಿರರ್ಥಕವೆಂದು ಸಿದ್ಧವಾಗದು. 1933ರ ಲಂಡನ್ ಆರ್ಥಿಕ ಸಮ್ಮೇಳನಕ್ಕೆ 66 ದೇಶಗಳು ನೆರೆದುವು. ನಾಣ್ಯಗಳ ವಿನಿಮಯವನ್ನು ಸ್ಥಿರಗೊಳಿಸಲು ರೂಸ್‌ವೆಲ್ಟರು ಒಪ್ಪದೆ ಹೋದುದರಿಂದ ಬರಿಗೈಯಲ್ಲಿ ಚೆದುರಿದುವು. ಸಹಕಾರವಿಲ್ಲದ ಲೋಕದ ಗತಿಯೇನೆಂಬುದನ್ನು ಮುಂದಿನ ವರ್ಷಗಳು ತೋರಿಸಿದುವು. ಮರುವರ್ಷವೇ ಪ್ರಕಟವಾದ ವಿಶ್ವೇಶ್ವರಯ್ಯನವರ ಯೋಜಿತ ಅರ್ಥವ್ಯವಸ್ಥೆಯ ಗ್ರಂಥವು ಬೇರೊಂದು ಮಾದರಿಯನ್ನು ಮುಂದಿಟ್ಟಿತು: ಭಾರತದ ರಾಷ್ಟ್ರೀಯ ಆದಾಯವು ಹತ್ತು ವರ್ಷಗಳಲ್ಲಿ ಇಮ್ಮಡಿಯಾಗಬೇಕು. ಗುರಿಯು ಸಾಧ್ಯವೇ ಎಂದು ವಾದಿಸಬಹುದು. ಆದರೆ ಯಾವುದು, ಎಷ್ಟು, ಎಂದಿಗೆ ಎಂಬಲ್ಲಿ ಸಂದಿಗ್ಧವಿಲ್ಲ.

ಅವರು 1923ರಿಂದ 1929ರವರೆಗೆ ಅಧ್ಯಕ್ಷರಾಗಿ ನಡೆಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯೇ ‘ಚೇತರಿಕೆ’ಗೆ ಒರೆಗಲ್ಲು. 2023ರ ಫೆಬ್ರವರಿ 24 ಮತ್ತು 25ರಂದು ಜಿ-20 ಹಣಕಾಸು ಮಂತ್ರಿಗಳು ಬೆಂಗಳೂರಿನಲ್ಲಿ ಸಭೆ ಸೇರಿದರು. ಯುಕ್ರೇನ್ ಯುದ್ಧವನ್ನು ಕುರಿತ ಒಕ್ಕಣೆಯಲ್ಲಿ ಒಮ್ಮತ ಬಾರದುದರಿಂದ ಜಂಟಿ ಹೇಳಿಕೆಗೆ ಬದಲಾಗಿ ಅಧ್ಯಕ್ಷರ ಸಾರಾಂಶವು ಹೊರಟಿತು. ಲೋಕದ ಆರ್ಥಿಕ ಮುನ್ನೋಟವು ತುಸು ಸುಧಾರಿಸಿದೆಯೆಂದು ಅದು ಹೇಳಿತು. ಅದಕ್ಕೆ ಹಿಂದಿನ ತಿಂಗಳಷ್ಟೇ ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವಾಗಿ, ಅಲ್ಲಿನ ಕಾರ್ಮಿಕರು ಪ್ರತಿಭಟನೆಗೆ ಇಳಿದಿದ್ದರು. ಎರಡೂ ನಿಜ, ಕರ್ತೃವಿಲ್ಲದ ಒಂದೇ ಶಬ್ದದಲ್ಲಿ ಎರಡೂ ಅಡಗವು.

ಭದ್ರಾವತಿಗೆ ಅನತಿದೂರದ ಗಾಜನೂರಿನಲ್ಲಿ ತುಂಗೆಗೆ ಕಟ್ಟಿದ ಅಣೆಕಟ್ಟು ತುಂಬಿತೆಂದ ಮಾತ್ರಕ್ಕೆ ಕಾಲುವೆಯ ಕೊನೆಯ ಗದ್ದೆಯೂ ನೆನೆಯಿತೆಂದು ಯಾವ ರೈತನೂ ತಿಳಿಯನು. ಆ ವಿವೇಕವು ಅನುವಾದಕನಿಗೂ ಭಾಷೆಯನ್ನು ಕಲಿಸುವ ಉಪಾಧ್ಯಾಯನಿಗೂ ಅವಶ್ಯಕ. ‘ಬ್ಯಾಂಕುಗಳು ಸಾಲ ಕೊಡತೊಡಗಿದುವು’, ‘ಕಾರ್ಮಿಕರು ಕೆಲಸಕ್ಕೆ ಮರಳಿದರು’ ಎಂದು ಕರ್ತೃಸಹಿತವಾಗಿ ಬರೆದರೆ ವಾಕ್ಯಗಳು ಹೆಚ್ಚಾದಾವು. ಆದರೆ ಅವುಗಳಲ್ಲಿ ಒಂದೊಂದನ್ನೂ ದಿಟವೋ ಸಟೆಯೋ ಎಂದು ಪರೀಕ್ಷಿಸಬಹುದು. ಬರಿಯ ‘ಚೇತರಿಕೆ’ಗೆ ಆ ಪರೀಕ್ಷೆಯೇ ಇಲ್ಲ.