ಮಂಜಿನ ಆಚೆಗಿನ ಹುಡುಗರು

ಪೇಟೆಯ ಯುವಕರನ್ನು ಕುರಿತು ಚಿತ್ರ ತೆಗೆಯಹೊರಟ ವಿದ್ಯಾರ್ಥಿಗಳಿಗೆ ಚಿಕ್ಕಮಗಳೂರಿನ ಬೆಟ್ಟಗಳೆಂದರೆ ವಿಪರೀತ ಮೋಹ. ನಾನು ನೋಡಿದ ಇಂಥ ಕಿರುಚಿತ್ರಗಳಲ್ಲಿ ಹೆಚ್ಚಿನವು ಒಂದೇ ಜಾಡು ಹಿಡಿದಿವೆ: ನಾಯಕನಿಗೆ ಬೆಂಗಳೂರು ಬೇಸರವಾಗುತ್ತದೆ; ಮರುಕ್ಷಣ ಆತ ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ಮಂಜಿನಲ್ಲಿ ನಿಂತಿರುತ್ತಾನೆ. ಮಂಜು ಸೊಗಸಾಗಿಯೇ ಇದೆ. ಹುಡುಗನ ಬೇಸರಕ್ಕೆ ಕಾರಣವೇನೆಂಬುದು ಮಾತ್ರ ಕೊನೆಯವರೆಗೂ ಕಾಣಿಸದು.

ಈ ಚಾಳಿಗೆ ೨೦೦೬ರ ‘ಮುಂಗಾರು ಮಳೆ’ಯನ್ನು ದೂರುವವರಿದ್ದಾರೆ. ಅದು ನ್ಯಾಯವಲ್ಲ. ಕೊಡಗಿನಲ್ಲಿ ನಡೆಯುವ ಆ ಕಥೆಯಲ್ಲಿ ಮಳೆ ಒಂದು ಪಾತ್ರವೇ ಆಗಿತ್ತು. ಅನುಕರಿಸಿದವರು ಮಳೆಯನ್ನು ತಂದರು, ಅದಕ್ಕೊಂದು ಕೆಲಸ ಕೊಡುವುದನ್ನು ಮರೆತರು.

ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನಾಧರಿಸಿ, ಅವರ ಓದುಗರೇ ಹಣ ಕೂಡಿಸಿ, ಶಶಾಂಕ್ ಸೋಗಾಲ್ ನಿರ್ದೇಶಿಸಿದ ‘ಡೇರ್‌ಡೆವಿಲ್ ಮುಸ್ತಾಫಾ’ (೨೦೨೩) ಈ ಮೋಹಕ್ಕೆ ತಕ್ಕ ಉತ್ತರ. ತೇಜಸ್ವಿ ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತ ಬರೆದವರು. ಅವರ ಅಬಚೂರು ಕಲ್ಪಿತ ಊರಾದರೂ ಮಲೆನಾಡಿನ ಸಣ್ಣ ಪೇಟೆಯೇ. ಹಿಂದೂ ವಿದ್ಯಾರ್ಥಿಗಳೇ ತುಂಬಿದ ತರಗತಿಗೆ ಒಬ್ಬ ಮುಸಲ್ಮಾನ ಹುಡುಗ ಬಂದು ಸೇರುವುದು ಅದರ ವಸ್ತು. ಆದ್ದರಿಂದ ಕಾಲೇಜಿನ ಬೆಂಚು, ಪೇಟೆಯ ಬೀದಿ, ಕ್ರಿಕೆಟ್ ಮೈದಾನ, ಎಂದರೆ ಹುಡುಗರು ಒಬ್ಬರನ್ನೊಬ್ಬರು ಅಳೆದು ನೋಡುವ ಜಾಗಗಳೇ ಅಲ್ಲಿ ಮುಖ್ಯ. ಹಾಸ್ಯ ಕೆಲವೆಡೆ ಅತಿಯಾಯಿತೆಂದು ನನಗನ್ನಿಸಿದರೂ ಸ್ಥಳದ ಬಗೆಗಿನ ಈ ವಿವೇಕ ಮೆಚ್ಚತಕ್ಕದ್ದು.

ಬೆಟ್ಟದ ಊರುಗಳಿಗೂ ಅವುಗಳದೇ ಯುವಕರಿದ್ದಾರೆ. ತೋಟದ ಲೈನ್‌ಮನೆಯಿಂದ ಚಿಕ್ಕಮಗಳೂರಿನ ಕಾಲೇಜಿಗೆ ಬರುವ ಹುಡುಗಿ, ಮೂಡಿಗೆರೆಯಲ್ಲಿ ಬೆಂಗಳೂರಿನ ರಾತ್ರಿ ಬಸ್ಸಿಗೆ ಕಾದು ನಿಂತ ಹುಡುಗ, ಕಳಸೇಶ್ವರನ ಗುಡಿಯ ಮೆಟ್ಟಿಲ ಮೇಲೆ ಕುಳಿತು ಊರಲ್ಲಿರುವುದೋ ಬಿಡುವುದೋ ಎಂದು ತರ್ಕಿಸುವ ಗೆಳೆಯರು—ಇವರ ಕಡೆಗೆ ಕ್ಯಾಮೆರಾ ತಿರುಗಿದರೆ ಜಾಗವನ್ನು ಹುಡುಕಿಕೊಂಡು ಅಲೆಯಬೇಕಾಗಿಲ್ಲ.

ಬೆಳಕಿನ ಮಾತೂ ಹಾಗೆಯೇ. ಇಲ್ಲಿ ಕಾಫಿ ಬೆಳೆಯುವುದು ಸಿಲ್ವರ್ ಓಕ್, ಹಲಸು, ಅತ್ತಿಯ ನೆರಳಿನಲ್ಲಿ. ನಡುಹಗಲಲ್ಲೂ ತೋಟದೊಳಗೆ ಮಬ್ಬು. ಎಲೆಗಳ ಸಂದಿನಿಂದ ಬೀಳುವ ಬಿಸಿಲು ಮುಖದ ಮೇಲೆ ಬಿಳಿಯ ಮಚ್ಚೆಗಳಾಗಿ ಕುಳಿತು ಕಣ್ಣಿನ ಭಾವವನ್ನೇ ನುಂಗುತ್ತದೆ. ಕಾಫಿ ಒಣಗಿಸುವ ಕಣದಲ್ಲಾದರೋ ಕಣ್ಣು ಕುಕ್ಕುವ ಬೆಳಕು. ಎರಡನ್ನೂ ಒಂದೇ ಷಾಟಿನಲ್ಲಿ ಹಿಡಿಯಹೋದರೆ ಒಂದು ಕಪ್ಪಾಗುತ್ತದೆ, ಇಲ್ಲವೆ ಇನ್ನೊಂದು ಸುಟ್ಟು ಬೆಳ್ಳಗಾಗುತ್ತದೆ. ಆದರೆ ಕೂಲಿಯಾಳಿನ ಮಗ ನೆರಳು ದಾಟಿ ಮಾಲೀಕನ ಕಣಕ್ಕೆ ಕಾಲಿಡುವುದೇ ಕಥೆಯಾದರೆ, ಆ ದೋಷವೇ ಅರ್ಥವಾದೀತು.

ದುಬಾರಿ ದೀಪಗಳಿಲ್ಲವೆಂಬುದು ನೆಪ. ‘ಅಪರಾಜಿತೋ’ (೧೯೫೬) ಚಿತ್ರಕ್ಕಾಗಿ ಸುಬ್ರತ ಮಿತ್ರ ಸೆಟ್ಟಿನ ಮೇಲೆ ಬಿಳಿಯ ಬಟ್ಟೆ ಕಟ್ಟಿ, ದೀಪದ ಬೆಳಕನ್ನು ಅದರಿಂದ ಇಳಿಸಿ, ಕಾಶಿಯ ಮನೆಯಂಗಳದ ಮೃದುತ್ವವನ್ನು ಸಾಧಿಸಿದರು. ಬೆಂಗಳೂರಿನ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತ ಮೈಸೂರಿನ ವಿ. ಕೆ. ಮೂರ್ತಿ ‘ಕಾಗಜ್ ಕೆ ಫೂಲ್’ (೧೯೫೯) ಚಿತ್ರದ ಹೆಸರಾಂತ ಬೆಳಕಿನ ಕೋಲನ್ನು ಪಡೆದದ್ದು ಕನ್ನಡಿಗಳಿಂದ ಬಿಸಿಲನ್ನು ತಿರುಗಿಸಿ. ಕನ್ನಡಿಯೂ ಬಿಳಿ ಪಂಚೆಯೂ ಯಾವ ತೋಟದ ಮನೆಯಲ್ಲಾದರೂ ಸಿಕ್ಕುತ್ತವೆ.

ಮಂಜು ಬೇಡವೆಂದು ನನ್ನ ವಾದವಲ್ಲ. ಕಳಸದ ದಾರಿಯಲ್ಲಿ ಬಸ್ಸು ತಡವಾಗಿ, ಹುಡುಗನೊಬ್ಬನಿಗೆ ಪರೀಕ್ಷೆ ತಪ್ಪುವಂತಾದರೆ ಅಲ್ಲಿ ಮಂಜಿಗೆ ಕೆಲಸವುಂಟು. ಬೇಸರವನ್ನು ಚೆಂದಗಾಣಿಸಲು ತಂದ ಮಂಜಾದರೆ ಅದು ಮರೆಸುವುದು ಬೆಟ್ಟವನ್ನಲ್ಲ, ಬೆಟ್ಟದಲ್ಲಿ ಬಾಳುವ ಹುಡುಗರನ್ನು.