ದುಡ್ಡು ಕೊಟ್ಟು ಕೊಂಡ ಗೀರುಗಳು

2007ರಲ್ಲಿ ಕ್ವೆಂಟಿನ್ ಟರಾಂಟಿನೊ ಮತ್ತು ರಾಬರ್ಟ್ ರಾಡ್ರಿಗಸ್ ಸೇರಿ ‘ಗ್ರೈಂಡ್‌ಹೌಸ್’ ಎಂಬ ಜೋಡಿ ಚಿತ್ರ ತೆಗೆದರು. ಒಂದೇ ಟಿಕೆಟ್ಟಿಗೆ ಎರಡು ಸಿನಿಮಾ, ನಡುವೆ ಇಲ್ಲದ ಚಿತ್ರಗಳ ಸುಳ್ಳು ಟ್ರೈಲರುಗಳು. ಅಮೆರಿಕದ ಹಳೇ ಟಾಕೀಸುಗಳಲ್ಲಿ ಒಂದು ಕಾಲಕ್ಕೆ ಓಡುತ್ತಿದ್ದ ಅಗ್ಗದ ರಕ್ತ, ದೆವ್ವ, ಕಾಮದ ಚಿತ್ರಗಳಿಗೆ ಸಲ್ಲಿಸಿದ ಗೌರವ ಅದು. ಹೊಸ ಚಿತ್ರದ ಮೇಲೆ ಬೇಕೆಂದೇ ಗೀರು ಮೂಡಿಸಿದರು. ಒಂದು ರೀಲು ಕಳೆದುಹೋಗಿದೆ ಎಂದು ಪರದೆ ಮೇಲೆ ಬರೆದೂ ತೋರಿಸಿದರು. ಐದು ಕೋಟಿ ಡಾಲರಿಗೂ ಮಿಕ್ಕಿ ಸುರಿದ ಚಿತ್ರ ಅಮೆರಿಕದಲ್ಲಿ ಅದರ ಅರ್ಧವನ್ನೂ ದುಡಿಯಲಿಲ್ಲ. ಬಡತನವನ್ನು ಒಡವೆಯಂತೆ ತೊಟ್ಟುಕೊಂಡರೆ ಏನಾಗುತ್ತದೆ ಎಂಬ ಪ್ರಶ್ನೆ ಅಲ್ಲಿಂದ ಶುರುವಾಗುತ್ತದೆ. ಅದಕ್ಕೆ ಉತ್ತರ ಹುಡುಕಲು ನಮ್ಮದೇ ಅಗ್ಗದ ದೆವ್ವದ ಚಿತ್ರಗಳು ಸಾಕು.

ಈ ಮನೆತನದ ಬೇರು ಮೈಸೂರಿನ ಮಹಾತ್ಮ ಪಿಕ್ಚರ್ಸ್‌ನಲ್ಲಿದೆ. ಡಿ. ಶಂಕರ್ ಸಿಂಗ್ ಮತ್ತು ಬಿ. ವಿಠಲಾಚಾರ್ಯ ಅದರ ಪಾಲುದಾರರು. ‘ನಾಗಕನ್ನಿಕಾ’ (1949), ‘ಜಗನ್ಮೋಹಿನಿ’ (1951) ಅಲ್ಲಿಂದ ಬಂದವು. ಉಡುಪಿ ಕಡೆಯ ವಿಠಲಾಚಾರ್ಯ ಸಿನಿಮಾ ತೆಗೆಯುವ ಮುಂಚೆ ಟೂರಿಂಗ್ ಟಾಕೀಸ್ ನಡೆಸಿದವರು. ನೆಲದ ಮೇಲೆ ಕೂತವನು ಯಾವಾಗ ಶಿಳ್ಳೆ ಹೊಡೆಯುತ್ತಾನೆ, ಯಾವಾಗ ಬೀಡಿ ಹಚ್ಚಿಕೊಂಡು ಎದ್ದು ಹೋಗುತ್ತಾನೆ ಎಂಬ ಲೆಕ್ಕ ಅಂಥವರಿಗೆ ಗೊತ್ತಿರುತ್ತದೆ. ಮುಂದೆ ಅವರು ಮದ್ರಾಸಿಗೆ ಹೋಗಿ ತೆಲುಗಿನವರಿಗೆ ‘ಜಾನಪದ ಬ್ರಹ್ಮ’ರಾದರು.

ಈ ಪರಂಪರೆಯನ್ನು ರಾಯಚೂರು ಜಿಲ್ಲೆಯ ದೇವಸುಗೂರಿನ ಕಡೆ ನಿಂತು ನೋಡಿದರೆ ಅದು ಕನ್ನಡದ್ದೋ ತೆಲುಗಿನದೋ ಎಂಬ ಜಗಳವೇ ಏಳುವುದಿಲ್ಲ. ನಿಜಾಮರ ಕಾಲದ ಸೇತುವೆ ಮೇಲೆ ಕೃಷ್ಣೆ ದಾಟಿದರೆ ತೆಲುಗು ಸೀಮೆ. 1956ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇತ್ತು. ಸಿನಿಮಾ ವ್ಯಾಪಾರದವರ ಬಾಯಲ್ಲಿ ಆಮೇಲೂ ಅದು ‘ನಿಜಾಂ ಏರಿಯಾ’. ಹೀಗಾಗಿ ಬೆಂಗಳೂರಿನ ಚಿತ್ರದ ಜೊತೆಗೇ ವಿಠಲಾಚಾರ್ಯರ ತೆಲುಗು ಮೋಹಿನಿಗೂ ರಾಮ್ಸೆ ಸಹೋದರರ ‘ಪುರಾನಾ ಮಂದಿರ್’ (1984) ಚಿತ್ರದ ಹಿಂದಿ ದೆವ್ವಕ್ಕೂ ಈ ಸೀಮೆ ಪರಕೀಯವಾಗಲಿಲ್ಲ. ಹೆದರಿಸುವ ದೃಶ್ಯಕ್ಕೆ ಮಾತು ಕಡಿಮೆ ಸಾಕು. ಮೂರು ಭಾಷೆ ಆಡುವ ಊರುಗಳಿಗೆ ಅದು ಅನುಕೂಲವೇ ಆಯಿತು.

ವಿಠಲಾಚಾರ್ಯರ 1978ರ ತೆಲುಗು ‘ಜಗನ್ಮೋಹಿನಿ’ಯ ಒಂದು ದೃಶ್ಯ ಇಂದಿಗೂ ಜನರ ಬಾಯಲ್ಲಿದೆ. ಮನೆ ಸೊಸೆಯಂತೆ ಸೇರಿಕೊಂಡ ದೆವ್ವ ಅಡುಗೆಗೆ ಕೂರುತ್ತದೆ. ಕಟ್ಟಿಗೆಯ ಬದಲು ತನ್ನ ಕಾಲುಗಳನ್ನೇ ಒಲೆಗೆ ಇಡುತ್ತದೆ. ಉರಿ ಹತ್ತುತ್ತದೆ, ಅಡುಗೆ ನಡೆಯುತ್ತದೆ, ಅದರ ಮುಖದಲ್ಲಿ ನೋವಿನ ಸುಳಿವೂ ಇಲ್ಲ. ಅರಮನೆ ಬೇಡ, ಸಾವಿರ ಜನ ಬೇಡ. ಒಂದು ಒಲೆ, ಒಬ್ಬ ನಟಿ, ಕ್ಯಾಮೆರಾದ ಒಂದು ಕೈಚಳಕ. ನೋಡುವವರ ಮನೆಯಲ್ಲೂ ಅಂಥದೇ ಒಲೆ ಇರುವುದರಿಂದ ಭಯ ಅವರ ಹಿಂದೆಯೇ ಅಡುಗೆಮನೆಗೆ ಬರುತ್ತದೆ. ಹಣವಿಲ್ಲದ್ದು ಇಲ್ಲಿ ಕೊರತೆಯಾಗಿ ಉಳಿಯಲಿಲ್ಲ, ಕಲ್ಪನೆಗೆ ದಾರಿ ತೋರಿತು. ಗ್ರೈಂಡ್‌ಹೌಸ್ ನಕಲು ಮಾಡಿದ್ದು ರೀಲಿನ ಗಾಯವನ್ನು. ಈ ಉಪಾಯವಂತಿಕೆಯನ್ನು ನಕಲು ಮಾಡುವುದು ಕಷ್ಟ.

ಹಾಗೆಂದು ಈ ಪರಂಪರೆಯನ್ನು ತಲೆ ಮೇಲೆ ಹೊರಬೇಕಾಗಿಲ್ಲ. ಅದರ ಮೋಹಿನಿ ಯಾವಾಗಲೂ ಹೆಣ್ಣೇ. ‘ಜಗನ್ಮೋಹಿನಿ’ಯಲ್ಲಿ ದೆವ್ವವಾದ ಜಯಮಾಲಿನಿಯ ಮೈಯನ್ನು ಕ್ಯಾಮೆರಾ ಮೊದಲು ಕಣ್ತುಂಬ ನೋಡುತ್ತದೆ, ಆಮೇಲೆ ಕತೆ ಅವಳನ್ನು ಶಿಕ್ಷಿಸುತ್ತದೆ, ಕಡೆಗೆ ದೇವರ ಕೃಪೆಯಿಂದ ಎಲ್ಲರ ಪಾಪವೂ ತೊಳೆದುಹೋಗುತ್ತದೆ. ವಿಜಯ್ ನಿರ್ದೇಶನದ ‘ನಾ ನಿನ್ನ ಬಿಡಲಾರೆ’ (1979) ಇದೇ ಚೌಕಟ್ಟಿನೊಳಗೆ ಒಂದು ಮೆಟ್ಟಿಲು ಮೇಲೇರಿತು. ಹೆಣ್ಣು ದೆವ್ವ ಗಂಡಸಿನ ಮೈಮೇಲೆ ಬಂದಾಗ ಅನಂತ್ ನಾಗ್ ಟ್ರಿಕ್ಕಿನ ಕೆಲಸವನ್ನು ಕಣ್ಣು, ಕತ್ತುಗಳಿಂದಲೇ ಮಾಡಿದರು. ಆದರೆ ಅಲ್ಲೂ ಪರಿಹಾರ ರಾಘವೇಂದ್ರ ಸ್ವಾಮಿಗಳ ಪಾದದಲ್ಲೇ. ಆ ಹೆಣ್ಣಿನ ಅತೃಪ್ತಿಯನ್ನು ಯಾರೂ ಕೂತು ಕೇಳುವುದಿಲ್ಲ.

ಇನ್ನು ಹೊಸಬರು ಸಲ್ಲಿಸಿದ ಗೌರವ. 2009ರಲ್ಲಿ ತಮಿಳಿನಲ್ಲಿ ನಮಿತಾ ಅವರನ್ನಿಟ್ಟು ‘ಜಗನ್ಮೋಹಿನಿ’ಯನ್ನು ಮತ್ತೆ ತೆಗೆದರು. ಗ್ರಾಫಿಕ್ಸ್ ಬಂತು, ಒಲೆಯ ಬಿಸಿ ಹೋಯಿತು. ‘ದಂಡುಪಾಳ್ಯ’ (2012) ದೆವ್ವವನ್ನು ಬಿಟ್ಟು ಶೋಷಣೆಯನ್ನು ಮಾತ್ರ ಇಟ್ಟುಕೊಂಡಿತು. ನಿಜವಾಗಿ ನಡೆದ ಕೊಲೆ, ಅತ್ಯಾಚಾರಗಳನ್ನೇ ಸರಕು ಮಾಡಿಕೊಂಡು ಗೆದ್ದಿತು. ಮೋಹಿನಿಯ ಚಿತ್ರದಲ್ಲಿ ಹೆದರಿದವನು ನಗುತ್ತಲೂ ಇದ್ದ. ಇಲ್ಲಿ ಆ ಬಿಡುಗಡೆಯೂ ಇಲ್ಲ.

ನಿಜವಾದ ವಾರಸುದಾರರು ಬೇರೆ ಕಡೆ ಇದ್ದಾರೆ. ಉಪೇಂದ್ರರ ‘ಶ್!’ (1993) ಸಿನಿಮಾ ತಂಡದ ಶೂಟಿಂಗ್ ನಡುವೆಯೇ ಭಯವನ್ನು ತಂದು ನಿಲ್ಲಿಸಿ, ಹೆದರಿಸುವ ಕಸುಬನ್ನೇ ಲೇವಡಿ ಮಾಡಿತು. ‘6-5=2’ (2013) ಚಾರಣಿಗರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳೆಂದು ನಂಬಿಸಿ, ಹೊಸ ಮುಖಗಳನ್ನೂ ಅಲುಗಾಡುವ ಚಿತ್ರಿಕೆಯನ್ನೂ ತನ್ನ ಬಂಡವಾಳ ಮಾಡಿಕೊಂಡಿತು. ಇಲ್ಲಿಯ ಒರಟುತನಕ್ಕೆ ಕತೆಯೊಳಗೇ ಕಾರಣವಿದೆ, ಅದನ್ನು ಮೇಲಿಂದ ಬಳಿದಿಲ್ಲ. ಪವನ್ ಕುಮಾರ್ ಅವರ ‘ಯು ಟರ್ನ್’ (2016) ಇನ್ನೊಂದು ಬಾಕಿ ತೀರಿಸಿತು. ಬೆಂಗಳೂರಿನ ಫ್ಲೈಓವರ್ ಮೇಲೆ ಯಾರೋ ಅವಸರಕ್ಕೆ ಡಿವೈಡರ್ ಕಲ್ಲು ಸರಿಸಿದ್ದರಿಂದ ಸತ್ತ ಹೆಣ್ಣು ಅಲ್ಲಿಯ ದೆವ್ವ. ಮಂತ್ರಕ್ಕೆ ಅವಳು ಜಗ್ಗುವುದಿಲ್ಲ. ಅವಳಿಗೆ ಬೇಕಾದದ್ದು ತಪ್ಪಿನ ಲೆಕ್ಕ.

ಅಗ್ಗದ ಚಿತ್ರಕ್ಕೆ ಗೌರವ ಸಲ್ಲಿಸಹೊರಟವರು ಹಾಗಾಗಿ ಗೀರು, ಕಲೆಗಳ ಉಸಾಬರಿ ಬಿಡಲಿ. ಮೊದಲು ಬಜೆಟ್ ಅರ್ಧಕ್ಕೆ ಇಳಿಸಿ, ಉಳಿದ ಅರ್ಧದ ಕೆಲಸವನ್ನು ತಲೆಯಿಂದ ಮಾಡಲಿ. ಆಮೇಲೆ ಮೋಹಿನಿಗೆ ಒಂದು ಹೆಸರು, ಒಂದು ದೂರು, ಅದನ್ನು ಪೂರ್ತಿ ಹೇಳಿಕೊಳ್ಳುವಷ್ಟು ರೀಲು ಕೊಡಲಿ.