ಕಿವಿ ಉಳಿಯಿತು, ವ್ರತ ಕೆಟ್ಟಿತು

ಜೆ. ಜೆ. ಏಬ್ರಮ್ಸ್ 2009ರಲ್ಲಿ ಹೊಸದಾಗಿ ಕಟ್ಟಿದ 'ಸ್ಟಾರ್ ಟ್ರೆಕ್' ಚಿತ್ರಕ್ಕೆ ಅಂದು ಸಿಕ್ಕ ಹೊಗಳಿಕೆ ಇನ್ನೂ ಇಳಿದಿಲ್ಲ. ಬತ್ತಿಹೋಗಿದ್ದ ಸರಣಿಗೆ ಜೀವ ತುಂಬಿದ ಚಿತ್ರ, ಹಳೆಯದನ್ನು ಮತ್ತೆ ಶುರುಮಾಡುವವರಿಗೆಲ್ಲ ಮಾದರಿ ಎಂಬ ಮಾತು ಈಗಲೂ ಕೇಳಿಬರುತ್ತದೆ. ಪ್ರಸಾಧನಕ್ಕಾಗಿ ಅದು ಆಸ್ಕರ್ ಪಡೆಯಿತು. ಸ್ಟಾರ್ ಟ್ರೆಕ್ ಚಿತ್ರಗಳಿಗೆ ಬಂದ ಮೊದಲ ಆಸ್ಕರ್ ಅದು. ಆ ಪ್ರಶಸ್ತಿಯ ಬಗ್ಗೆ ನನಗೆ ತಕರಾರಿಲ್ಲ. ಕಿವಿ, ಹುಬ್ಬು, ಹಚ್ಚೆ ಎಲ್ಲವೂ ಅಚ್ಚುಕಟ್ಟಾಗಿವೆ. ಆದರೆ ವಲ್ಕನ್, ರೊಮುಲನ್, ಕ್ಲಿಂಗಾನ್ ಎಂಬ ಮೂರು ಅನ್ಯಗ್ರಹ ಜನಾಂಗಗಳನ್ನು ಏಬ್ರಮ್ಸ್‌ರ ಚಿತ್ರಗಳು ಹೊರಗಿನಿಂದ ಎಷ್ಟು ಚೆನ್ನಾಗಿ ಸಿಂಗರಿಸಿದವೋ ಒಳಗಿನಿಂದ ಅಷ್ಟೇ ಬರಿದು ಮಾಡಿದವು.

ನನ್ನ ಮಾತಿಗೆ ಆಧಾರವಾಗಿ ಒಂದೇ ಒಂದು ಪ್ರಶ್ನೋತ್ತರವನ್ನು ನೋಡೋಣ. 1967ರಲ್ಲಿ ಡಿ. ಸಿ. ಫಾಂಟಾನಾ ಬರೆದ ಕಿರುತೆರೆ ಸರಣಿಯ 'ಜರ್ನಿ ಟು ಬೇಬಲ್' ಕಂತಿನಲ್ಲಿ, ಹಡಗಿನ ವಲ್ಕನ್ ಅಧಿಕಾರಿ ಸ್ಪಾಕ್‌ನ ತಂದೆ ಸಾರೆಕ್ ಮತ್ತು ಭೂಮಿಯವಳಾದ ತಾಯಿ ಅಮಾಂಡಾ ಮೊದಲ ಸಲ ತೆರೆಗೆ ಬರುತ್ತಾರೆ. ತಂದೆ ಮಗ ಹದಿನೆಂಟು ವರ್ಷ ತಂದೆ ಮಗನಂತೆ ಮಾತಾಡಿಲ್ಲ. ಕೊನೆಯಲ್ಲಿ ಇಬ್ಬರೂ ಹಡಗಿನ ಆಸ್ಪತ್ರೆಯ ಹಾಸಿಗೆಯಲ್ಲಿದ್ದಾರೆ. ಮಗನ ರಕ್ತದಿಂದ ತಂದೆ ಬದುಕಿದ್ದಾನೆ. ಇವರ ತರ್ಕದ ಮಾತು ಕೇಳಿ ಕೇಳಿ ಅಮಾಂಡಾ ರೇಗಿದ್ದಾಳೆ. ಇಷ್ಟು ಭಾವುಕಳಾದ ಇವಳನ್ನು ಯಾಕೆ ಮದುವೆಯಾದೆ ಎಂದು ಮಗ ಕೇಳುತ್ತಾನೆ. ಆಗ ಅದೇ ತರ್ಕಬದ್ಧವೆನಿಸಿತ್ತು ಎನ್ನುತ್ತಾನೆ ತಂದೆ. ಅಮಾಂಡಾ ಪಕ್ಕದಲ್ಲೇ ಇದ್ದಾಳೆ. ಆ ಒಣ ಪದದೊಳಗೆ ಏನಿದೆ ಎಂದು ಅವಳಿಗೂ ಗೊತ್ತು, ನೋಡುವವರಿಗೂ ಗೊತ್ತು. ಸಾರೆಕ್ ತನ್ನ ಕುಲದ ಮಾತು ಬಿಟ್ಟಿಲ್ಲ. ಪ್ರೀತಿ ಆ ಮಾತಿನೊಳಗೇ ನಿಂತಿದೆ.

2009ರ ಚಿತ್ರದ ಲೇಖಕರಾದ ರಾಬರ್ಟೊ ಓರ್ಚಿ ಮತ್ತು ಅಲೆಕ್ಸ್ ಕರ್ಟ್‌ಸ್‌ಮನ್ ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಬಾಲಕ ಸ್ಪಾಕ್ ಕೇಳಿದಾಗ ಸಾರೆಕ್ ಹಳೆಯ ಉತ್ತರವನ್ನೇ ಕೊಡುತ್ತಾನೆ: ತಾನು ಭೂಮಿಗೆ ರಾಯಭಾರಿ, ಮನುಷ್ಯರನ್ನು ಅರಿಯುವುದು ಕರ್ತವ್ಯ, ಹಾಗಾಗಿ ಈ ಮದುವೆ ತರ್ಕಬದ್ಧ. ಮುಂದೆ ವಲ್ಕನ್ ಗ್ರಹ ನಾಶವಾಗುತ್ತದೆ. 600 ಕೋಟಿ ಜನರಲ್ಲಿ ಉಳಿಯುವವರು ಹೆಚ್ಚೆಂದರೆ 10,000. ಅಮಾಂಡಾ ಸತ್ತಿದ್ದಾಳೆ. ತನಗೆ ಕೋಪ ತಡೆಯಲಾಗುತ್ತಿಲ್ಲ ಎಂದು ಮಗ ಒಪ್ಪಿಕೊಂಡಾಗ, ತಡೆಯಬೇಡ ಎಂದೇ ಅವಳು ಹೇಳುತ್ತಿದ್ದಳು ಎನ್ನುತ್ತಾನೆ ತಂದೆ. ಆಮೇಲೆ ಬಾಯಿಬಿಟ್ಟು ಹೇಳಿಬಿಡುತ್ತಾನೆ: ಪ್ರೀತಿಸಿದ್ದಕ್ಕೇ ಮದುವೆಯಾದೆ.

ಸಾರೆಕ್ ಪಾತ್ರದ ಬೆನ್ ಕ್ರಾಸ್ ಈ ಮಾತನ್ನು ದನಿ ಏರಿಸದೆ ಹೇಳುತ್ತಾರೆ. ಕಣ್ಣು ತುಂಬುತ್ತದೆ, ನಿಜ. ಆದರೆ ಈ ಎರಡನೆಯ ಉತ್ತರ ಬಂದ ಕೂಡಲೇ ಮೊದಲನೆಯದು ಸುಳ್ಳಾಗುತ್ತದೆ. ತರ್ಕ ಎಂಬುದು ಮುಖವಾಡ, ಅದನ್ನು ಕಳಚಿದರೆ ಒಳಗಿರುವವನು ನಮ್ಮಂಥ ಮನುಷ್ಯನೇ ಎಂದು ಚಿತ್ರ ತೀರ್ಮಾನ ಕೊಟ್ಟಂತಾಗುತ್ತದೆ. ವಲ್ಕನ್ನರಿಗೆ ಭಾವನೆ ಇಲ್ಲವೆಂದಲ್ಲ. ಅವರ ಭಾವನೆ ಮನುಷ್ಯರದಕ್ಕಿಂತ ಆಳವಾದದ್ದು, ಅದಕ್ಕೇ ತರ್ಕ ಅವರಿಗೆ ವ್ರತ. ಇದೇ ಚಿತ್ರದಲ್ಲಿ ಸಾರೆಕ್ ಬಾಲಕನಿಗೆ ಹೇಳಿಕೊಡುವುದೂ ಇದನ್ನೇ. ಗೊತ್ತಿದ್ದೂ ವ್ರತವನ್ನು ರೋಗವೆಂದು ಬಗೆದು ವಾಸಿಮಾಡಲು ಹೊರಟದ್ದು ಈ ಚಿತ್ರದ ದೊಡ್ಡ ಸೋಲು.

ಬೇರೆ ದಾರಿ ಇರಲಿಲ್ಲವೇ? ಇತ್ತು, ಚಿತ್ರದೊಳಗೇ ಇತ್ತು. ವಲ್ಕನ್ ವಿಜ್ಞಾನ ಅಕಾಡೆಮಿಯ ಹಿರಿಯರು ಸ್ಪಾಕ್‌ನ ಮನುಷ್ಯ ತಾಯಿಯನ್ನು ಅವನ ಕೊರತೆಯೆಂದು ಎಣಿಸಿ ಮಾತಾಡಿದಾಗ, ಅವನು ಪ್ರವೇಶವನ್ನೇ ನಿರಾಕರಿಸಿ, ದೀರ್ಘಾಯುಷ್ಯ ಹಾರೈಸುವ ಅದೇ ಹಳೆಯ ವಾಕ್ಯ ನುಡಿದು ಹೊರಡುತ್ತಾನೆ. ಸ್ಪಾಕ್ ಪಾತ್ರದ ಜಕಾರಿ ಕ್ವಿಂಟೊ ಬಾಯಲ್ಲಿ ಆ ಹಾರೈಕೆ ಕತ್ತಿಯಂತೆ ಹರಿತವಾಗುತ್ತದೆ. ಕೋಪವಿದೆ, ಶಿಷ್ಟಾಚಾರ ಒಂದಿಷ್ಟೂ ತಪ್ಪಿಲ್ಲ. ಇಡೀ ಚಿತ್ರದಲ್ಲಿ ನಾನು ನಿಜವಾದ ವಲ್ಕನ್‌ನನ್ನು ಕಂಡದ್ದು ಈ ಅರೆನಿಮಿಷ.

ಉಳಿದ ಎರಡು ಜನಾಂಗಗಳ ಪಾಡು ಇನ್ನೂ ಕಡೆ. 1966ರ 'ಬ್ಯಾಲೆನ್ಸ್ ಆಫ್ ಟೆರರ್' ಕಂತಿನ ರೊಮುಲನ್ ದಳಪತಿ ಯುದ್ಧದಿಂದ ಬೇಸತ್ತವನು, ಆದರೂ ಕರ್ತವ್ಯ ಬಿಡದವನು. ಎದುರಾಳಿಯಲ್ಲಿ ಗೆಳೆಯನನ್ನು ಕಾಣಬಲ್ಲವನು. ಮುಂದೆ ಸಾರೆಕ್ ಆದ ಮಾರ್ಕ್ ಲೆನಾರ್ಡ್ ಅವರೇ ಆ ಪಾತ್ರ ಮಾಡಿದ್ದರು. ಹೆಚ್ಚುಕಡಿಮೆ ಅದೇ ಕಿವಿ, ಅದೇ ಮುಖ, ಆದರೆ ಎರಡು ಬೇರೆ ಜನಾಂಗ. 2009ರ ಚಿತ್ರದ ರೊಮುಲನ್ ಖಳ ನೀರೋ ಬೋಳುತಲೆ, ಹಚ್ಚೆಯ ಸೇಡುಗಾರ. ಅವನು ರೊಮುಲನ್ ಆಗಿರಲೇಬೇಕಾದ ಕಾರಣ ಅವನ ನಡೆನುಡಿಯಲ್ಲಿ ಒಂದೂ ಇಲ್ಲ. 2013ರ 'ಇಂಟು ಡಾರ್ಕ್‌ನೆಸ್'ನಲ್ಲಿ ಹಡಗಿನ ಸಂಪರ್ಕಾಧಿಕಾರಿ ಉಹುರಾ ಒಬ್ಬಳೇ ಮುಂದೆ ಹೋಗಿ ಕ್ಲಿಂಗಾನರ ಮಾನಮರ್ಯಾದೆಯ ಹೆಸರಲ್ಲಿ ಅವರದೇ ಭಾಷೆಯಲ್ಲಿ ಮಾತಾಡುತ್ತಾಳೆ. ಮಾರ್ಕ್ ಓಕ್ರಾಂಡ್ ವ್ಯಾಕರಣ ಕಟ್ಟಿ, 1985ರಲ್ಲಿ ನಿಘಂಟನ್ನೇ ಹೊರತಂದ ಭಾಷೆ ಅದು. ಮಾತು ಎಲ್ಲಿಗೂ ಮುಟ್ಟುವ ಮೊದಲೇ ಗುಂಡು ಹಾರುತ್ತದೆ. ಅಲ್ಲಿಂದ ಮುಂದೆ ಕ್ಲಿಂಗಾನರು ಸಾಯಲಿಕ್ಕೆ ಮಾತ್ರ ಇದ್ದಾರೆ.

ಇಲ್ಲಿ ಎರಡು ಬಗೆಯ ವಿಮರ್ಶಕರ ಜೊತೆ ನನಗೆ ಜಗಳವಿದೆ. ಒಂದು ಬಗೆಯವರು ಕ್ಲಿಂಗಾನರ ಹಣೆಯ ಏಣುಗಳನ್ನು ಎಣಿಸುತ್ತಾ ಕೂತವರು. 1967ರಲ್ಲಿ ಆ ಏಣುಗಳಿರಲಿಲ್ಲ, 1979ರ ಚಲನಚಿತ್ರದಲ್ಲಿ ಬಂದವು, 2005ರಲ್ಲಿ ಕಿರುತೆರೆಯವರು ಅದಕ್ಕೊಂದು ವೈರಾಣುವಿನ ಕಾರಣ ಹೊಂದಿಸಿದರು. ಹಣೆ ಬದಲಾದರೂ ಜನಾಂಗ ಬದುಕಿತ್ತು ಎಂಬುದಕ್ಕೆ ಇದೇ ಸಾಕ್ಷಿ. ಹಣೆಯನ್ನೇ ಹಿಡಿದು ಕೂತರೆ ವಾದವನ್ನು ಪ್ರಸಾಧನದ ಕೋಣೆಗೇ ಬಿಟ್ಟುಕೊಟ್ಟಂತೆ.

ಎರಡನೆಯವರ ತಪ್ಪು ಹೆಚ್ಚು ದೊಡ್ಡದು. ಈ ಚಿತ್ರಗಳದು ಬೇರೆ ಕಾಲರೇಖೆ, ಹಳೆಯದರ ಜೊತೆ ಹೋಲಿಸಬಾರದು ಎನ್ನುತ್ತಾರೆ ಅವರು. ಕಥೆ ಬದಲಿಸುವುದಕ್ಕೆ ನನ್ನ ಆಕ್ಷೇಪವಿಲ್ಲ. ರನ್ನನ ದುರ್ಯೋಧನನನ್ನು ಓದಿದವರು ಆ ಆಕ್ಷೇಪ ಎತ್ತಲಾರರು. ಆದರೆ ಚಿತ್ರದ ಲೆಕ್ಕದಲ್ಲೇ ಕಾಲ ಕವಲೊಡೆಯುವುದು ಕಥಾನಾಯಕ ಕರ್ಕ್ ಹುಟ್ಟುವ ದಿನ. ವಲ್ಕನ್ನರ ವ್ರತ ಅದಕ್ಕಿಂತ ಶತಮಾನಗಳಷ್ಟು ಹಳೆಯದು, ಸಾರೆಕ್ ಅದರಲ್ಲೇ ಬೆಳೆದವನು. ಕಾಲರೇಖೆ ಅವನನ್ನು ಬದಲಿಸಲಿಲ್ಲ, ಚಿತ್ರಕಥೆ ಬದಲಿಸಿತು. ಸಾಮಾನ್ಯ ಪ್ರೇಕ್ಷಕರಿಗೆ ಬಿಡಿಸಿ ಹೇಳಬೇಕಾಗುತ್ತದೆ ಎಂಬ ಇನ್ನೊಂದು ಸಮರ್ಥನೆಯೂ ನಿಲ್ಲುವುದಿಲ್ಲ. 1967ರಲ್ಲಿ ಮನೆಯ ಟಿವಿ ಮುಂದೆ ಕೂತವರೂ ಸಾಮಾನ್ಯರೇ ಆಗಿದ್ದರು.

ಅವರಿಗೆ ಫಾಂಟಾನಾರ ಕಂತು ತೋರಿಸಿದ್ದು ಇಷ್ಟು: ಸಾರೆಕ್ ಎರಡು ಬೆರಳು ಚಾಚುತ್ತಾನೆ, ಅಮಾಂಡಾ ತನ್ನ ಎರಡು ಬೆರಳು ಅದಕ್ಕೆ ತಾಗಿಸುತ್ತಾಳೆ, ಜೊತೆಗೆ ನಡೆಯುತ್ತಾರೆ. ಯಾರೂ ವಿವರಿಸುವುದಿಲ್ಲ. ಅದು ಗಂಡಹೆಂಡಿರ ಮುದ್ದು ಎಂದು ನೋಡುವವರೇ ಕಲಿತುಕೊಂಡರು. 2009ರ ಚಿತ್ರದಲ್ಲಿ ಸ್ಪಾಕ್ ಮತ್ತು ಉಹುರಾ ಎಲ್ಲರೆದುರು ಚುಂಬಿಸುತ್ತಾರೆ. ಅದನ್ನು ಅರ್ಥಮಾಡಿಕೊಳ್ಳಲು ನಾವು ಏನನ್ನೂ ಕಲಿಯಬೇಕಾಗಿಲ್ಲ.